ತಟ್ಟೆಯಲ್ಲಿ ಸತ್ತ ಕ್ಯಾನ್ಸರ್ ಕೋಶ: ಔಷಧದ ಅಣುವನ್ನು ಹುಡುಕುವ ಬಗೆ

‘ಇಂಥ ಸೊಪ್ಪಿನ ರಸ ಕ್ಯಾನ್ಸರ್ ಕೋಶಗಳನ್ನು ಕೊಂದಿತು’ ಎಂಬ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಬಹಳಷ್ಟು ಸಲ ಸುದ್ದಿ ಸುಳ್ಳೇನಲ್ಲ. ಪ್ರಯೋಗಾಲಯದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಆ ರಸ ಬಿದ್ದಾಗ ಅವು ಸತ್ತಿರುವುದು ನಿಜವೇ. ಆದರೆ ಅದೇ ತಟ್ಟೆಗೆ ಅಡುಗೆ ಉಪ್ಪು ಸ್ವಲ್ಪ ಜಾಸ್ತಿ ಬಿದ್ದರೂ ಅವು ಸಾಯುತ್ತವೆ. ಫಿನಾಯಿಲ್ ಹಾಕಿದರೂ ಸಾಯುತ್ತವೆ. ತಟ್ಟೆಯನ್ನು ಇನ್‌ಕ್ಯುಬೇಟರಿನಿಂದ ತೆಗೆದು ನಾಲ್ಕಾರು ದಿನ ಮೇಜಿನ ಮೇಲೆ ಮರೆತುಬಿಟ್ಟರೆ ಏನೂ ಹಾಕದೆಯೇ ಸಾಯುತ್ತವೆ. ಹೊರಗೆ ಬೆಳೆಸಿದ ಕೋಶ ಬಲು ನಾಜೂಕು. ಅದನ್ನು ಕೊಲ್ಲುವುದು ಸಾಧನೆಯಲ್ಲ.

ಯಾವ ಕೋಶವನ್ನು ಕೊಂದಿತು, ಯಾವುದನ್ನು ಬಿಟ್ಟಿತು, ಎಷ್ಟು ಪ್ರಮಾಣದಲ್ಲಿ ಕೊಂದಿತು, ಹೇಗೆ ಕೊಂದಿತು ಎಂಬುದರಲ್ಲಿದೆ ವಿಷಯ. ಸಾವಿರಾರು ಸಣ್ಣ ಅಣುಗಳನ್ನು ಜೀವಂತ ಕೋಶಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿ, ಔಷಧವಾಗಬಲ್ಲ ನಾಲ್ಕಾರನ್ನು ಹೆಕ್ಕುವ ಕೆಲಸಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ. ರೋಬೋಟು, ಯಂತ್ರಗಳ ಭರಾಟೆ ನೋಡಿದರೆ ಇದು ಬರೀ ದುಡ್ಡಿನ ಮತ್ತು ವೇಗದ ಆಟ ಅನಿಸಬಹುದು. ನನ್ನ ಮಟ್ಟಿಗೆ ಇದು ಪ್ರಶ್ನೆ ಕೇಳುವ ಕಲೆ. ‘ಯಾವುದು ಕೊಲ್ಲುತ್ತದೆ?’ ಎಂದು ಕೇಳಿದರೆ ನೂರಾರು ಉತ್ತರ ಬರುತ್ತವೆ, ಬಹುಪಾಲು ವಿಷಗಳೇ. ಪ್ರಶ್ನೆ ಚೂಪಾದಷ್ಟೂ ಉತ್ತರ ಕೆಲಸಕ್ಕೆ ಬರುತ್ತದೆ.

ಮೊದಲು ಸಣ್ಣ ಅಣು ಎಂದರೆ ಎಷ್ಟು ಸಣ್ಣದು ಎಂದು ನೋಡೋಣ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ಆಸ್ಪಿರಿನ್ 180 ಡಾಲ್ಟನ್. ರಕ್ತದ ಕ್ಯಾನ್ಸರ್ ಒಂದಕ್ಕೆ ಕೊಡುವ ಇಮಾಟಿನಿಬ್ ಸುಮಾರು 494. ಡ್ರಿಪ್ ಮೂಲಕ ಕೊಡುವ ಆ್ಯಂಟಿಬಾಡಿ ಔಷಧಗಳಾದರೋ ಒಂದೂವರೆ ಲಕ್ಷ ಡಾಲ್ಟನ್‌ ಆಸುಪಾಸಿನವು. ಅಷ್ಟು ದೊಡ್ಡದು ಕೋಶದ ಪೊರೆ ದಾಟಿ ತಾನಾಗಿ ಒಳಗೆ ಹೋಗಲಾರದು, ಹೊರಮೈಯಲ್ಲಿರುವುದನ್ನಷ್ಟೇ ಹಿಡಿಯುತ್ತದೆ. ಸಣ್ಣ ಅಣು ಒಳಗೆ ನುಸುಳುತ್ತದೆ, ಮಾತ್ರೆಯಾಗಿ ನುಂಗಿದರೂ ಕರುಳಿನಿಂದ ರಕ್ತಕ್ಕೆ ಸೇರಬಲ್ಲದು. ನುಂಗುವ ಔಷಧವಾಗಬೇಕಾದರೆ ಅಣು 500 ಡಾಲ್ಟನ್ ಮೀರದಿದ್ದರೆ ಒಳ್ಳೆಯದು ಎಂದು 1997ರಲ್ಲಿ ಕ್ರಿಸ್ಟೋಫರ್ ಲಿಪಿನ್‌ಸ್ಕಿ ಮತ್ತು ಜೊತೆಗಾರರು ಹೇಳಿದರು. ಪ್ರಕೃತಿ ಈ ಲೆಕ್ಕ ಇಟ್ಟುಕೊಂಡಿಲ್ಲ: ಯೂ ಮರದ ತೊಗಟೆಯಲ್ಲಿ ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್ 854 ಡಾಲ್ಟನ್. ಅದನ್ನು ರಕ್ತನಾಳಕ್ಕೇ ಕೊಡುತ್ತಾರೆ.

ಇಂಥ ಅಣುಗಳ ಸಂಗ್ರಹಕ್ಕೆ ಲೈಬ್ರರಿ ಎಂದೇ ಹೆಸರು. ದೊಡ್ಡ ಔಷಧ ಕಂಪನಿಗಳ ಬಳಿ ಲಕ್ಷಗಟ್ಟಲೆ, ವಿಶ್ವವಿದ್ಯಾಲಯಗಳ ಬಳಿ ಸಾವಿರಗಟ್ಟಲೆ ಅಣುಗಳಿರುತ್ತವೆ. ಹೆಚ್ಚಿನವು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿ ಫ್ರೀಜರಿನಲ್ಲಿ ಕೂತಿರುತ್ತವೆ. ನೀರಿನಲ್ಲಿ ಕರಗದ್ದನ್ನೂ ಕರಗಿಸುವ ದ್ರಾವಕ ಅದು. ಇಲ್ಲೊಂದು ಸ್ವಾರಸ್ಯವಿದೆ. 1971ರಲ್ಲಿ ಷಾರ್ಲೆಟ್ ಫ್ರೆಂಡ್ ಎಂಬ ವಿಜ್ಞಾನಿ ಇಲಿಯ ರಕ್ತಕ್ಯಾನ್ಸರ್ ಕೋಶಗಳಿಗೆ ಡಿಎಂಎಸ್‌ಒ ಹಾಕಿದಾಗ ಅವು ಹಿಮೋಗ್ಲೋಬಿನ್ ತಯಾರಿಸತೊಡಗಿ, ಕೆಂಪು ರಕ್ತಕೋಶವಾಗುವ ದಾರಿ ಹಿಡಿದದ್ದನ್ನು ಕಂಡರು. ಕೋಶಗಳನ್ನು ಕೊಂದಿರಲಿಲ್ಲ, ದಾರಿಗೆ ತಂದಿತ್ತು! ಆ ಎಳೆ ಹಿಡಿದು ಪಾಲ್ ಮಾರ್ಕ್ಸ್ ಮತ್ತು ರೊನಾಲ್ಡ್ ಬ್ರೆಸ್ಲೋ ಡಿಎಂಎಸ್‌ಒಗಿಂತ ಪ್ರಬಲವಾದ ಅಣುಗಳನ್ನು ಒಂದಾದ ಮೇಲೊಂದರಂತೆ ತಯಾರಿಸಿ ಅಂಥದೇ ಕೋಶಗಳ ಮೇಲೆ ಪರೀಕ್ಷಿಸುತ್ತ ಹೋದರು. ಕೊನೆಗೆ ಸಿಕ್ಕಿದ ವೊರಿನೋಸ್ಟಾಟ್‌ಗೆ ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಾ ಚಿಕಿತ್ಸೆಗಾಗಿ 2006ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಅದು ಕೋಶದೊಳಗೆ ಯಾವುದಕ್ಕೆ ಅಂಟುತ್ತದೆ ಎಂದು ಗೊತ್ತಾಗಿದ್ದು ಅಣು ಕೈಗೆ ಬಂದು ಎಷ್ಟೋ ಕಾಲದ ಮೇಲೆ.

ಈಗ ಪ್ಲೇಟಿಗೆ ಬರೋಣ. ಅಂಗೈಗಿಂತ ತುಸು ಉದ್ದದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ 16 ಸಾಲು, ಸಾಲಿಗೆ 24ರಂತೆ 384 ಪುಟ್ಟ ಗುಳಿಗಳು. ಲ್ಯಾಬಿನವರು ಇವನ್ನು ವೆಲ್ ಎನ್ನುತ್ತಾರೆ. ಪ್ರತಿ ವೆಲ್ಲಿಗೆ 50 ಮೈಕ್ರೋಲೀಟರ್ ಪೋಷಕ ದ್ರವ, ಎಂದರೆ ಸುಮಾರು ಒಂದು ಹನಿ. ಅದರಲ್ಲಿ ಸಾವಿರದಷ್ಟು ಕೋಶ. ಒಂದು ರಾತ್ರಿ 37 ಡಿಗ್ರಿಯಲ್ಲಿಟ್ಟರೆ ಕೋಶಗಳು ತಳಕ್ಕೆ ಅಂಟಿಕೊಳ್ಳುತ್ತವೆ. ಮಾರನೆಯ ದಿನ ರೋಬೋಟು ಒಂದೊಂದು ವೆಲ್ಲಿಗೂ ಒಂದೊಂದು ಬೇರೆ ಅಣುವನ್ನು 50 ನ್ಯಾನೋಲೀಟರ್ ಮುಟ್ಟಿಸುತ್ತದೆ. ಹನಿಯ ಸಾವಿರದಲ್ಲೊಂದು ಪಾಲು, ಕಣ್ಣಿಗೆ ಕಾಣದಷ್ಟು. ಮೋಲಾರ್ ಎಂಬುದು ದ್ರಾವಣ ಎಷ್ಟು ಗಾಢ ಎಂದು ಹೇಳುವ ಮಾನ; ಲೈಬ್ರರಿಯಲ್ಲಿ 10 ಮಿಲಿಮೋಲಾರ್ ಇದ್ದದ್ದು ಸಾವಿರ ಪಟ್ಟು ತೆಳುವಾಗಿ ವೆಲ್ಲಿನಲ್ಲಿ 10 ಮೈಕ್ರೋಮೋಲಾರ್ ಆಗುತ್ತದೆ. ಡಿಎಂಎಸ್‌ಒ ಕೂಡ ಶೇ 0.1ಕ್ಕೆ ಇಳಿಯುತ್ತದೆ, ಆ ಮಟ್ಟದಲ್ಲಿ ಹೆಚ್ಚಿನ ಕೋಶಗಳಿಗೆ ಅದರಿಂದ ತೊಂದರೆಯಿಲ್ಲ. ಮತ್ತೆ ಎರಡು ಮೂರು ದಿನ ಇನ್‌ಕ್ಯುಬೇಟರು.

ಬದುಕಿದ ಕೋಶಗಳನ್ನು ಎಣಿಸುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ವೆಲ್ ನೋಡುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೆ ಮಿಂಚುಹುಳುವಿನ ಸಹಾಯ ಪಡೆಯುತ್ತಾರೆ. ಮಿಂಚುಹುಳು ಬೆಳಗುವುದು ಲುಸಿಫೆರೇಸ್ ಎಂಬ ಕಿಣ್ವದಿಂದ. ಆ ಕಿಣ್ವ ಕೆಲಸ ಮಾಡಲು ಎಟಿಪಿ ಬೇಕು. ಎಟಿಪಿ ಬದುಕಿರುವ ಕೋಶದ ಶಕ್ತಿಯ ನಾಣ್ಯ, ಸತ್ತ ಕೋಶದಲ್ಲಿ ಬೇಗ ಖಾಲಿಯಾಗುತ್ತದೆ. ಆದ್ದರಿಂದ ಕೋಶಗಳನ್ನು ಒಡೆದು ಲುಸಿಫೆರೇಸ್ ಮತ್ತು ಅದಕ್ಕೆ ಬೇಕಾದ ಉಳಿದ ಸಾಮಗ್ರಿ ಬೆರೆಸಿದರೆ, ಬದುಕಿದ್ದವು ಹೆಚ್ಚಿದ್ದ ವೆಲ್ ಹೆಚ್ಚು ಬೆಳಗುತ್ತದೆ, ಸತ್ತವು ಹೆಚ್ಚಿದ್ದದ್ದು ಮಂಕಾಗುತ್ತದೆ. ಯಂತ್ರ ಬೆಳಕನ್ನು ಅಳೆದು ಪ್ರತಿ ವೆಲ್ಲಿಗೂ ಒಂದು ಅಂಕಿ ಕೊಡುತ್ತದೆ. ಬಣ್ಣ ಬದಲಾಗುವ ಹಳೆಯ ವಿಧಾನಗಳೂ ಚಾಲ್ತಿಯಲ್ಲಿವೆ. ನವಿ ಮುಂಬೈಯ ಆಕ್ಟ್ರೆಕ್‌ನಲ್ಲಿ, ಎಂದರೆ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಅಂಗದಲ್ಲಿ, ಕ್ಯಾನ್ಸರ್ ಔಷಧಗಳ ಸ್ಕ್ರೀನಿಂಗ್‌ಗೆಂದೇ ಒಂದು ಘಟಕವಿದೆ. ಅಲ್ಲಿ ಕೋಶದ ಪ್ರೋಟೀನಿಗೆ ಅಂಟುವ ಗುಲಾಬಿ ಬಣ್ಣವೊಂದನ್ನು ಬಳಸುತ್ತಾರೆ.

ಪ್ಲೇಟಿನ ಎಲ್ಲ 384 ವೆಲ್‌ಗಳಿಗೂ ಹೊಸ ಅಣು ಹಾಕುವುದಿಲ್ಲ. ಕೆಲವಕ್ಕೆ ಬರೀ ಡಿಎಂಎಸ್‌ಒ, ಕೆಲವಕ್ಕೆ ಖಂಡಿತ ಕೊಲ್ಲುತ್ತದೆಂದು ಗೊತ್ತಿರುವ ವಿಷ. ಈ ಎರಡು ಗುಂಪಿನ ಅಂಕಿಗಳ ನಡುವೆ ಚೆನ್ನಾಗಿ ಅಂತರವಿದ್ದರೆ ಮಾತ್ರ ಆ ಪ್ಲೇಟನ್ನು ನಂಬಬಹುದು. ಅಂತರವನ್ನು ಅಳೆಯಲು ಝಡ್-ಪ್ರೈಮ್ ಎಂಬ ಸೂತ್ರ 1999ರಲ್ಲಿ ಬಂತು, ಉತ್ತರ 0.5ಕ್ಕಿಂತ ಮೇಲಿದ್ದರೆ ಪರೀಕ್ಷೆ ಗಟ್ಟಿ ಎಂದು ಲೆಕ್ಕ. ಇನ್ನೊಂದು ರಗಳೆ ಅಂಚಿನ ವೆಲ್‌ಗಳದ್ದು. ಅಂಚಿನಲ್ಲಿ ನೀರು ಬೇಗ ಆರುತ್ತದೆ, ಉಪ್ಪಿನಂಶ ಏರುತ್ತದೆ, ಕೋಶ ಸೊರಗುತ್ತದೆ. ಫಲಿತಾಂಶದ ನಕ್ಷೆಯಲ್ಲಿ ‘ಹಿಟ್’ಗಳೆಲ್ಲ ಚೌಕಟ್ಟು ಕಟ್ಟಿದಂತೆ ಸುತ್ತಲೂ ನಿಂತಿದ್ದರೆ ಸಂತೋಷಪಡುವ ಹಾಗಿಲ್ಲ. ಅದು ಅಣುವಿನ ಗುಣವಲ್ಲ, ಆವಿಯಾದ ನೀರಿನ ಗುಣ.

ಹಿಟ್ ಎಂದರೆ ಮೊದಲ ಜರಡಿಯಲ್ಲಿ ಉಳಿದದ್ದು, ಅಷ್ಟೇ. ಅದರಲ್ಲಿ ಹುಸಿ ಎಷ್ಟು ಬೇಕಾದರೂ ಇರುತ್ತದೆ. ಒಂದು ಅಣು ಕೋಶವನ್ನು ಮುಟ್ಟದೆ ಲುಸಿಫೆರೇಸನ್ನೇ ತಡೆದಿರಬಹುದು: ಬೆಳಕು ಹೋಯಿತು, ಕೋಶ ಹೋಗಲಿಲ್ಲ. ಇನ್ನೊಂದು ನೀರಿನಲ್ಲಿ ಕರಗದೆ ಮುದ್ದೆಗಟ್ಟಿ, ಸಿಕ್ಕಸಿಕ್ಕ ಪ್ರೋಟೀನನ್ನೆಲ್ಲ ಮೆತ್ತಿಕೊಂಡು ಕೂತಿರಬಹುದು. ಮತ್ತೊಂದು ತಾನೇ ಹೊಳೆಯುವ ಬಣ್ಣದ ಅಣುವಾಗಿ ಯಂತ್ರವನ್ನು ಮೋಸಗೊಳಿಸಬಹುದು. ಯಾವ ಪರೀಕ್ಷೆಗೆ ಒಡ್ಡಿದರೂ ‘ನಾನಿದ್ದೇನೆ’ ಎಂದು ಕೈಯೆತ್ತುವ ಇಂಥ ಅಣುಗಳ ರಚನೆಗಳನ್ನು ಪಟ್ಟಿ ಮಾಡಿ 2010ರಲ್ಲಿ ಆಸ್ಟ್ರೇಲಿಯಾದ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ ಎಚ್ಚರಿಕೆ ಕೊಟ್ಟರು.

ಅಂಥ ಗುಣಗಳೆಲ್ಲ ಒಟ್ಟಿಗೆ ಇರುವ ಒಂದು ಅಣು ನಮ್ಮೆಲ್ಲರ ಅಡುಗೆಮನೆಯಲ್ಲೇ ಇದೆ: ಅರಿಶಿನದ ಕರ್ಕ್ಯುಮಿನ್. ತಾನೇ ಹೊಳೆಯುತ್ತದೆ, ಮುದ್ದೆಗಟ್ಟುತ್ತದೆ, ಪ್ರೋಟೀನುಗಳ ಜೊತೆ ಸುಮ್ಮನೆ ರಾಸಾಯನಿಕ ಕ್ರಿಯೆಗಿಳಿಯುತ್ತದೆ, ಪೋಷಕ ದ್ರವದಲ್ಲಿ ಬೇಗ ಒಡೆದುಹೋಗುತ್ತದೆ. ತಟ್ಟೆಯ ಪ್ರಯೋಗಗಳಲ್ಲಿ ಅದು ಕ್ಯಾನ್ಸರಿನಿಂದ ಹಿಡಿದು ಮರೆವಿನ ಕಾಯಿಲೆಯವರೆಗೆ ಎಲ್ಲಕ್ಕೂ ‘ಕೆಲಸ ಮಾಡುತ್ತದೆ’. ರೋಗಿಗಳ ಮೇಲೆ ನೂರಕ್ಕೂ ಹೆಚ್ಚು ಪರೀಕ್ಷೆಗಳಾಗಿದ್ದರೂ, ಹೋಲಿಕೆಗೆ ಹುಸಿಮಾತ್ರೆ ಕೊಟ್ಟು, ಯಾರಿಗೆ ಯಾವುದು ಎಂಬುದನ್ನು ವೈದ್ಯರಿಂದಲೂ ರೋಗಿಗಳಿಂದಲೂ ಮರೆಮಾಚಿ ನಡೆಸಿದ ಬಿಗಿಯಾದ ಪರೀಕ್ಷೆಗಳಲ್ಲಿ ಅದು ಗೆದ್ದಿಲ್ಲ ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು ಬರೆಯಿತು. ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ತಟ್ಟೆಯಲ್ಲಿ ಕೋಶಗಳನ್ನು ಕೊಲ್ಲುವ ಮಟ್ಟ ಅದಕ್ಕಿಂತ ಎಷ್ಟೋ ಮೇಲಿನದು. ಸಾರಿಗೆ ಅರಿಶಿನ ಹಾಕಬೇಡಿ ಎಂದು ಯಾರೂ ಹೇಳುತ್ತಿಲ್ಲ. ಕೀಮೋ ಬಿಟ್ಟು ಅರಿಶಿನ ನುಂಗಿ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವುದನ್ನು ಮಾತ್ರ ನಂಬಬಾರದು.

ಹಾಗಾದರೆ ಚೂಪಾದ ಪ್ರಶ್ನೆ ಎಂದರೆ ಹೇಗಿರುತ್ತದೆ? ಇದಕ್ಕೆ ನನಗೆ ಬಲು ಇಷ್ಟದ ಉದಾಹರಣೆ ಹಾರ್ವರ್ಡಿನಲ್ಲಿ ನಡೆದದ್ದು, 1999ರಲ್ಲಿ ಪ್ರಕಟವಾಯಿತು. ಥಾಮಸ್ ಮೇಯರ್, ತರುಣ್ ಕಪೂರ್, ಟಿಮ್ ಮಿಚಿಸನ್, ಸ್ಟುವರ್ಟ್ ಶ್ರೈಬರ್ ಮೊದಲಾದವರ ಕೆಲಸ. ಕೋಶ ಎರಡಾಗುವಾಗ ಒಳಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಎಳೆಗಳಿಂದ ಕದಿರಿನಾಕಾರದ ಚೌಕಟ್ಟೊಂದು ಕಟ್ಟಿಕೊಳ್ಳುತ್ತದೆ, ಅದು ವರ್ಣತಂತುಗಳನ್ನು ಎರಡು ಕಡೆಗೆ ಹಂಚುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಈ ಎಳೆಗಳನ್ನೇ ಬಿಗಿದು ನಿಲ್ಲಿಸುತ್ತದೆ. ನಮ್ಮ ಹಿತ್ತಿಲಿನ ಕಾಶಿಕಣಗಿಲೆಯಿಂದ ಬಂದ ವಿನ್‌ಬ್ಲಾಸ್ಟಿನ್ ಎಳೆಗಳನ್ನು ಕಟ್ಟಲು ಬಿಡುವುದಿಲ್ಲ. ತೊಂದರೆ ಏನೆಂದರೆ ನರಕೋಶಗಳಿಗೂ ಅವೇ ಎಳೆಗಳು ಬೇಕು. ಕೀಮೋ ಪಡೆದವರು ಕೈಕಾಲು ಜೋಮು ಹಿಡಿದಂತಿದೆ, ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುವುದಿಲ್ಲ ಎನ್ನುವುದಕ್ಕೆ ಹಲವು ಸಲ ಇಂಥ ಔಷಧಗಳೇ ಕಾರಣ. ಟ್ಯೂಬ್ಯುಲಿನ್ ಮುಟ್ಟದೆ ವಿಭಜನೆಯನ್ನಷ್ಟೇ ನಿಲ್ಲಿಸುವ ಅಣು ಇದೆಯೇ? ಇದು ಅವರ ಪ್ರಶ್ನೆ.

ಲೈಬ್ರರಿಯಲ್ಲಿದ್ದದ್ದು 16,320 ಅಣುಗಳು. ಪ್ಲೇಟಿಗೆ 320ರಂತೆ ಹಂಚಿ ನೋಡಿ, ಸರಿಯಾಗಿ 51 ಪ್ಲೇಟಾಗುತ್ತದೆ. ಸತ್ತವು ಯಾವುವು ಎಂದು ಅವರು ನೋಡಲೇ ಇಲ್ಲ. ವಿಭಜನೆಯ ನಡುವೆ ಸಿಕ್ಕಿಬಿದ್ದ ಕೋಶದಲ್ಲಿ ಮಾತ್ರ ಕಾಣುವ ಗುರುತೊಂದನ್ನು ಹಿಡಿಯುವ ಆ್ಯಂಟಿಬಾಡಿ ಬಳಸಿ, ಯಾವ ವೆಲ್ಲಿನಲ್ಲಿ ಕೋಶಗಳು ನಡುದಾರಿಯಲ್ಲಿ ನಿಂತಿವೆ ಎಂದು ಹುಡುಕಿದರು. 139 ಅಣುಗಳು ಉಳಿದವು. ಎರಡನೆಯ ಜರಡಿ ಕೋಶವೇ ಇಲ್ಲದ್ದು: ಶುದ್ಧ ಟ್ಯೂಬ್ಯುಲಿನ್ ತೆಗೆದುಕೊಂಡು, ಅದರ ಮೇಲೆ ನೇರ ಪರಿಣಾಮ ಬೀರಿದ್ದನ್ನೆಲ್ಲ ಪಕ್ಕಕ್ಕಿಟ್ಟರು. 86 ಉಳಿದವು. ಅವನ್ನು ಕೋಶಗಳಿಗೆ ಹಾಕಿ, ಎಳೆಗಳಿಗೂ ವರ್ಣತಂತುಗಳಿಗೂ ಹೊಳೆಯುವ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ವಿಭಜನೆಯ ಚೌಕಟ್ಟನ್ನಷ್ಟೇ ಕೆಡಿಸಿದ್ದು ಐದು.

ಆ ಐದರಲ್ಲಿ ಒಂದರ ಚಿತ್ರ ಮರೆಯುವಂಥದ್ದಲ್ಲ. ಎರಡು ಧ್ರುವಗಳಿರಬೇಕಾದ ಚೌಕಟ್ಟಿನಲ್ಲಿ ಒಂದೇ ಧ್ರುವ. ಎಳೆಗಳು ಅಲ್ಲಿಂದ ಸುತ್ತಲೂ ಚಾಚಿವೆ, ವರ್ಣತಂತುಗಳು ಹೊರಗೆ ಬಳೆಯಂತೆ ಕೂತಿವೆ. ಹೀಗಾಗಬೇಕಾದರೆ ಧ್ರುವಗಳನ್ನು ದೂರ ತಳ್ಳುವ ಮೋಟಾರು ಪ್ರೋಟೀನ್ ಕೆಟ್ಟಿರಬೇಕು. ಇಜಿ5 ಎಂಬ ಆ ಮೋಟಾರು, ಪಕ್ಕಪಕ್ಕದಲ್ಲಿರುವ ಎರಡು ಗಳಗಳ ನಡುವೆ ನಿಂತು ಒಂದನ್ನು ಆಚೆಗೂ ಇನ್ನೊಂದನ್ನು ಈಚೆಗೂ ಸರಿಸುವ ಆಳಿನಂತೆ ಕೆಲಸ ಮಾಡುತ್ತದೆ. ಅಣು ಆ ಆಳಿನ ಕೈ ಕಟ್ಟಿಹಾಕಿತ್ತು. ಅದಕ್ಕೆ ಮೊನಾಸ್ಟ್ರಾಲ್ ಎಂದು ಹೆಸರಿಟ್ಟರು. ಚಿತ್ರ ನೋಡಿಯೇ ಗುರಿ ಊಹಿಸಿ, ಆಮೇಲೆ ಶುದ್ಧ ಪ್ರೋಟೀನಿನ ಮೇಲೆ ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಈ ಕತೆಯ ಸೊಗಸು.

ಮುಂದಿನ ಭಾಗ ಅಷ್ಟು ಸೊಗಸಾಗಿಲ್ಲ. ಮೊನಾಸ್ಟ್ರಾಲ್ ದುರ್ಬಲ ಅಣು. ಕಂಪನಿಗಳು ಅದೇ ಮೋಟಾರನ್ನು ಸಾವಿರಾರು ಪಟ್ಟು ಬಲವಾಗಿ ತಡೆಯುವ ಇಸ್ಪಿನೆಸಿಬ್, ಫಿಲನೆಸಿಬ್ ಮುಂತಾದವನ್ನು ತಯಾರಿಸಿ ರೋಗಿಗಳವರೆಗೆ ಒಯ್ದವು. ನರಗಳಿಗೆ ತೊಂದರೆ ಹೆಚ್ಚಾಗಿ ಕಾಣಲಿಲ್ಲ, ಎಣಿಸಿದಂತೆಯೇ ಆಯಿತು. ಗಡ್ಡೆಗಳು ಮಾತ್ರ ಎಣಿಸಿದಷ್ಟು ಕರಗಲಿಲ್ಲ, ಬಿಳಿ ರಕ್ತಕಣ ಕುಸಿಯುವುದು ತಪ್ಪಲಿಲ್ಲ. ಯಾಕೆ? ತಟ್ಟೆಯ ಕೋಶ ಸುಮಾರು ದಿನಕ್ಕೊಂದು ಸಲ ಎರಡಾಗುತ್ತದೆ. ಮನುಷ್ಯನ ದೇಹದೊಳಗಿನ ಗಡ್ಡೆ ದುಪ್ಪಟ್ಟಾಗಲು ವಾರಗಳು, ಎಷ್ಟೋ ಸಲ ತಿಂಗಳುಗಳೇ ಬೇಕು. ಯಾವ ಹೊತ್ತಿನಲ್ಲಿ ನೋಡಿದರೂ ಅದರಲ್ಲಿ ವಿಭಜನೆಯ ನಡುವಿರುವ ಕೋಶಗಳು ಕೆಲವೇ. ಹೀಗಿರುವಾಗ ವಿಭಜನೆಯನ್ನಷ್ಟೇ ಹಿಡಿಯುವ ಔಷಧ ಗೆಲ್ಲುವುದು ಕಷ್ಟ, ಪ್ಯಾಕ್ಲಿಟ್ಯಾಕ್ಸೆಲ್ ಕೂಡ ದೇಹದಲ್ಲಿ ಬೇರೇನೋ ಮಾಡುತ್ತಿರಬೇಕು ಎಂದು 2012ರಲ್ಲಿ ಮಿಚಿಸನ್ ಅವರೇ ವಾದಿಸಿದರು. ತನ್ನ ಹೆಸರಾದ ಕೆಲಸದ ಬುಡವನ್ನು ತಾನೇ ಅಲುಗಿಸಿ ನೋಡುವ ಈ ಗುಣ ದೊಡ್ಡದು. ಅಷ್ಟಾಗಿಯೂ ಮೊನಾಸ್ಟ್ರಾಲ್ ವ್ಯರ್ಥವಾಗಲಿಲ್ಲ: ಕೋಶವಿಭಜನೆಯನ್ನು ಬೇಕೆಂದಾಗ ನಿಲ್ಲಿಸಿ, ತೊಳೆದು, ಮತ್ತೆ ಹೊರಡಿಸಲು ಜೀವಶಾಸ್ತ್ರಜ್ಞರು ಅದನ್ನು ಬಳಸುತ್ತಾರೆ.

ಆ ಪ್ರಯೋಗದ ಮೊದಲ ಜರಡಿಯ ವಿಧಾನವನ್ನು ರೂಪಿಸಿದವರಲ್ಲಿ ಬ್ರೆಂಟ್ ಸ್ಟಾಕ್‌ವೆಲ್ ಒಬ್ಬರು. ಮುಂದೆ ಅವರದೇ ತಂಡ ಮತ್ತೊಂದು ಪ್ರಶ್ನೆ ಕಟ್ಟಿತು. ಮನುಷ್ಯನ ಸಾಮಾನ್ಯ ಚರ್ಮಕೋಶಗಳಿಗೆ ಒಂದೊಂದೇ ಜೀನ್ ಸೇರಿಸುತ್ತ ಹೋಗಿ ಕ್ಯಾನ್ಸರ್ ಕೋಶವನ್ನಾಗಿ ಮಾಡಿದ ಕೋಶಮಾಲೆಗಳು, ಎಂದರೆ ಒಂದೇ ಮೂಲದಿಂದ ಬಂದು ತಟ್ಟೆಯಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತ ಹೋಗುವ ಕೋಶಗಳು, ಆ ಹೊತ್ತಿಗೆ ಸಿದ್ಧವಾಗಿದ್ದವು. ಕೊನೆಗೆ ಸೇರಿಸಿದ್ದು ರಾಸ್ ಎಂಬ ಜೀನಿನ ಕೆಟ್ಟ ರೂಪ. ಕ್ಯಾನ್ಸರುಗಳಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಪುಂಡ ಜೀನುಗಳಲ್ಲಿ ಇದೂ ಒಂದು. ಒಂದೇ ಮೂಲದ ಎರಡು ಕೋಶ, ಒಂದರಲ್ಲಿ ಕ್ಯಾನ್ಸರ್ ಜೀನುಗಳಿವೆ, ಇನ್ನೊಂದರಲ್ಲಿಲ್ಲ. ಮೊದಲನೆಯದನ್ನು ಕೊಂದು ಎರಡನೆಯದನ್ನು ಬಿಡುವ ಅಣು ಯಾವುದು? 23,550 ಅಣುಗಳಲ್ಲಿ ಅಂಥ ಒಂಬತ್ತು ಸಿಕ್ಕವು ಎಂದು 2003ರಲ್ಲಿ ಪ್ರಕಟಿಸಿದರು.

ಒಂಬತ್ತರಲ್ಲಿ ಕೆಲವು ಹಳೆಯ ಪರಿಚಯದವು. ಡಾಕ್ಸೊರುಬಿಸಿನ್ ಅವುಗಳಲ್ಲೊಂದು, ಕೆಂಪು ಬಣ್ಣದ ಆ ಕೀಮೋ ದ್ರವವನ್ನು ಆಸ್ಪತ್ರೆಗಳಲ್ಲಿ ನೋಡಿದವರು ಬಹಳ ಮಂದಿ. ಕ್ಯಾಂಪ್ಟೋಥೆಸಿನ್ ಇನ್ನೊಂದು. ಇದನ್ನು 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾನಿ. ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆಯನ್ನು 1971ರಲ್ಲಿ ತಿಳಿಸಿದವರೂ ಇವರೇ. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಕ್ಯಾಂಪ್ಟೋಥೆಸಿನ್ ಹೇರಳವಾಗಿದೆ ಎಂದು 1972ರಲ್ಲಿ ಗೊತ್ತಾಯಿತು. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್ ಇದರದೇ ಮಾರ್ಪಾಡು. ಬೇಡಿಕೆ ಏರಿದಂತೆ ಘಟ್ಟದಲ್ಲಿ ಆ ಮರ ಕೊಡಲಿಗೆ ಸಿಕ್ಕಿ ಕಡಿಮೆಯಾಗಿದೆ. ಹಳೆಯ ಔಷಧಗಳು ಹಿಟ್‌ಗಳ ಪಟ್ಟಿಯಲ್ಲಿ ಕಂಡದ್ದು ಒಂದು ಲೆಕ್ಕದಲ್ಲಿ ಪ್ರಯೋಗ ಸರಿಯಾಗಿ ನಡೆದಿದೆ ಎಂಬುದಕ್ಕೆ ಗುರುತು.

ಒಂಬತ್ತರಲ್ಲಿ ಒಂದು ಮಾತ್ರ ಅಪರಿಚಿತ. ಎರಾಸ್ಟಿನ್ ಎಂದು ಕರೆದರು. ಅದು ಕೋಶವನ್ನು ಕೊಲ್ಲುತ್ತಿದ್ದ ರೀತಿಯೇ ವಿಚಿತ್ರ. ಕೋಶ ಕ್ರಮವಾಗಿ ತನ್ನನ್ನು ತಾನು ಕಳಚಿಕೊಂಡು ಸಾಯುವ ಪರಿಚಿತ ವಿಧಾನದ ಒಂದು ಗುರುತೂ ಇಲ್ಲ. ಕೊನೆಗೆ ಸುಳಿವು ಕೊಟ್ಟದ್ದು ಕಬ್ಬಿಣ. ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳ ಮೈಯಿಂದ ಹೆಚ್ಚಿನ ಕಬ್ಬಿಣ ತೆಗೆಯಲು ಕೊಡುವ ಡೆಸ್‌ಫೆರಿಆಕ್ಸಮಿನ್ ಎಂಬ ಔಷಧವನ್ನು ಜೊತೆಗೆ ಹಾಕಿದರೆ ಎರಾಸ್ಟಿನ್ ಕೊಲ್ಲುವುದೇ ಇಲ್ಲ! ಒಗಟು ಬಿಡಿಸಿದಾಗ ಕಂಡದ್ದು ಇದು: ಎರಾಸ್ಟಿನ್ ಕೋಶದೊಳಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲ ಬರುವ ಬಾಗಿಲನ್ನು ಮುಚ್ಚುತ್ತದೆ, ಸಿಸ್ಟೀನ್ ಇಲ್ಲದೆ ಗ್ಲುಟಾಥಯೋನ್ ಎಂಬ ರಕ್ಷಕ ಅಣು ಖಾಲಿಯಾಗುತ್ತದೆ, ಆಗ ಕಬ್ಬಿಣದ ಕುಮ್ಮಕ್ಕಿನಿಂದ ಪೊರೆಯ ಕೊಬ್ಬು ಆಮ್ಲಜನಕದ ಜೊತೆ ಸೇರಿ ಕೆಡುತ್ತ ಹೋಗಿ ಪೊರೆಯೇ ಒಡೆಯುತ್ತದೆ. ಈ ಬಗೆಯ ಸಾವಿಗೆ 2012ರಲ್ಲಿ ಫೆರೊಪ್ಟೋಸಿಸ್ ಎಂಬ ಹೆಸರು ಬಿತ್ತು. ಇವತ್ತು ಅದೇ ಒಂದು ದೊಡ್ಡ ಅಧ್ಯಯನ ಕ್ಷೇತ್ರ. ಹೊರಟದ್ದು ರಾಸ್ ಇರುವ ಕೋಶಗಳನ್ನು ಕೊಲ್ಲಲು. ಆ ನಂಟು ಎಲ್ಲ ಕ್ಯಾನ್ಸರಿಗೂ ಅನ್ವಯಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. ಸಿಕ್ಕಿದ್ದು ಯಾರೂ ಕೇಳದ ಪ್ರಶ್ನೆಗೆ ಉತ್ತರ.

ಔಷಧ ಹುಡುಕುವವರಲ್ಲಿ ಎರಡು ಪಂಥಗಳಿವೆ. ಒಂದು ಪಂಥದವರು ಮೊದಲು ಕೆಟ್ಟ ಪ್ರೋಟೀನನ್ನು ಗುರುತಿಸಿ, ಅದನ್ನು ಶುದ್ಧವಾಗಿ ತೆಗೆದು, ಅದಕ್ಕೆ ಅಂಟುವ ಅಣು ಹುಡುಕುತ್ತಾರೆ. 2001ರಲ್ಲಿ ಬಂದ ಇಮಾಟಿನಿಬ್ ಈ ದಾರಿಯ ಹೆಮ್ಮೆ. ಇನ್ನೊಂದು ಪಂಥ ಕೋಶವನ್ನೇ ಕೇಳುತ್ತದೆ, ಗುರಿಯನ್ನು ಆಮೇಲೆ ಪತ್ತೆಹಚ್ಚುತ್ತದೆ. 1999ರಿಂದ 2008ರವರೆಗೆ ಅಮೆರಿಕದಲ್ಲಿ ಅನುಮತಿ ಪಡೆದ, ಹಿಂದೆಂದೂ ಇಲ್ಲದ ರೀತಿಯಲ್ಲಿ ಕೆಲಸ ಮಾಡುವ 50 ಸಣ್ಣ ಅಣುಗಳ ಮೂಲವನ್ನು ಡೇವಿಡ್ ಸ್ವಿನ್ನಿ ಮತ್ತು ಜೇಸನ್ ಆಂಥೊನಿ ಕೆದಕಿದಾಗ, ಎರಡನೆಯ ದಾರಿಯಿಂದ ಬಂದವು 28, ಮೊದಲನೆಯದರಿಂದ 17 ಎಂದು ಕಂಡಿತು. ಇದು ಎಲ್ಲ ಕಾಯಿಲೆಗಳನ್ನೂ ಸೇರಿಸಿದ ಲೆಕ್ಕ ಎಂಬುದು ನೆನಪಿರಲಿ; ಕ್ಯಾನ್ಸರಿನಲ್ಲಿ ಗುರಿ ಮೊದಲು ಎನ್ನುವವರ ಕೈ ಮೇಲಿದೆ. ಜಗಳ ಬಗೆಹರಿಯುವಂಥದ್ದಲ್ಲ. ಬಗೆಹರಿಯುವ ಅಗತ್ಯವೂ ನನಗೆ ಕಾಣುವುದಿಲ್ಲ.

ಕೋಶವನ್ನು ಕೇಳುವ ದಾರಿಯಿಂದ ಆಸ್ಪತ್ರೆಯವರೆಗೆ ತಲುಪಿದ ಒಂದು ಔಷಧ ಟ್ರಾಮೆಟಿನಿಬ್. ಇದನ್ನು ಕಂಡುಹಿಡಿದದ್ದು ಜಪಾನ್ ಟೊಬ್ಯಾಕೊ, ಹೌದು, ಸಿಗರೇಟು ಮಾರುವ ಕಂಪನಿಯೇ. ಅವರು ಕೇಳಿದ ಪ್ರಶ್ನೆ: ವಿಭಜನೆಗೆ ಬ್ರೇಕ್ ಹಾಕುವ ಪಿ15 ಎಂಬ ಪ್ರೋಟೀನನ್ನು ಕ್ಯಾನ್ಸರ್ ಕೋಶ ಹೆಚ್ಚು ತಯಾರಿಸುವಂತೆ ಮಾಡುವ ಅಣು ಯಾವುದು? ಸಿಕ್ಕಿದ ಅಣುವನ್ನು ತಿದ್ದಿ ಬಲಪಡಿಸಿ, ಅದನ್ನೇ ಗಾಳವಾಗಿಸಿ ಕೋಶದ ಪ್ರೋಟೀನುಗಳ ನಡುವೆ ಇಳಿಬಿಟ್ಟಾಗ ಬಂದು ಕಚ್ಚಿದ್ದು ಎಂಇಕೆ ಎಂಬ ಕಿಣ್ವ. 2013ರಲ್ಲಿ ಬಿರಾಫ್ ಜೀನು ಕೆಟ್ಟಿರುವ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಅನುಮತಿ ಸಿಕ್ಕಿತು.

ಗುರಿ ಪತ್ತೆಯ ಕೆಲಸದಲ್ಲಿ ಎಡವುವುದು ಸುಲಭ. ಎಂಇಎಲ್‌ಕೆ ಎಂಬ ಪ್ರೋಟೀನಿಗೆಂದೇ ಮಾಡಿದ ಅಣು ರೋಗಿಗಳ ಮೇಲಿನ ಪರೀಕ್ಷೆಯವರೆಗೂ ಹೋಗಿತ್ತು. ಜೇಸನ್ ಶೆಲ್ಟ್‌ಜರ್ ಅವರ ತಂಡ ಜೀನುಗಳನ್ನು ಕತ್ತರಿಸುವ ಕ್ರಿಸ್ಪರ್ ತಂತ್ರ ಬಳಸಿ ಕ್ಯಾನ್ಸರ್ ಕೋಶಗಳಿಂದ ಆ ಜೀನನ್ನೇ ತೆಗೆದುಹಾಕಿತು. ಕೋಶಗಳು ಆರಾಮಾಗಿ ಬೆಳೆದವು. ಗುರಿಯೇ ಇಲ್ಲದ ಆ ಕೋಶಗಳಿಗೆ ಔಷಧ ಹಾಕಿದರೆ ಮೊದಲಿನಂತೆಯೇ ಸತ್ತವು! ಅಣು ಕೊಲ್ಲುತ್ತಿದ್ದದ್ದು ಬೇರೆ ಯಾವುದನ್ನೋ ಹಿಡಿದು. 2019ರಲ್ಲಿ ಅದೇ ತಂಡ ಇನ್ನೂ ಹತ್ತು ಔಷಧಗಳ ಮೇಲೆ ಈ ಪರೀಕ್ಷೆ ನಡೆಸಿ, ಹತ್ತೂ ಹೀಗೆಯೇ ಎಂದು ತೋರಿಸಿತು. ಅವುಗಳಲ್ಲಿ ಒಂದರ ನಿಜವಾದ ಗುರಿ ಸಿಡಿಕೆ11 ಎಂಬ ಬೇರೆಯೇ ಪ್ರೋಟೀನ್ ಎಂಬುದೂ ಆಗ ಹೊರಬಿತ್ತು.

ಇನ್ನು ಕೋಶಗಳ ವಿಷಯ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದು ಬೆಳೆಸಿದ ಹೀಲಾ ಕೋಶಗಳು ಎಷ್ಟು ಗಡುಸೆಂದರೆ, ಒಂದು ಹನಿ ಹಾರಿ ಪಕ್ಕದ ತಟ್ಟೆಗೆ ಬಿದ್ದರೂ ಅಲ್ಲಿದ್ದವನ್ನು ಮೀರಿಸಿ ಬೆಳೆದುಬಿಡುತ್ತವೆ. ಬೇರೆ ಬೇರೆ ಅಂಗದ್ದೆಂದು ನಂಬಿದ್ದ 18 ಕೋಶಮಾಲೆಗಳು ನಿಜಕ್ಕೂ ಹೀಲಾ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಹೇಳಿದಾಗ ಅದು ಯಾರಿಗೂ ರುಚಿಸಲಿಲ್ಲ. ಇನ್ನೊಂದು ಪ್ರಕರಣ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎನ್‌ಸಿಐ-60ರ ಒಳಗೇ ಇತ್ತು. ಇಲಿಗಳಲ್ಲಿ ರಕ್ತಕ್ಯಾನ್ಸರ್ ಬರಿಸಿ ಔಷಧ ಪರೀಕ್ಷಿಸುವ ಹಳೆಯ ಪದ್ಧತಿ ಬಿಟ್ಟು, ಬೇರೆ ಬೇರೆ ಅಂಗಗಳ ಕ್ಯಾನ್ಸರಿನಿಂದ ಬಂದ 60 ಕೋಶಮಾಲೆಗಳ ಮೇಲೆ ಪರೀಕ್ಷಿಸಲು 1990ರಲ್ಲಿ ಚಾಲನೆಗೆ ಬಂದ ವ್ಯವಸ್ಥೆಯದು. ಅರವತ್ತರಲ್ಲಿ ಯಾವುದು ಸತ್ತಿತು, ಯಾವುದು ಉಳಿಯಿತು ಎಂಬ ವಿನ್ಯಾಸ ಪ್ರತಿ ಅಣುವಿಗೂ ಬೆರಳಚ್ಚಿನ ಹಾಗೆ. ಎರಡು ಅಣುಗಳ ವಿನ್ಯಾಸ ಹೊಂದಿದರೆ ಅವು ಒಂದೇ ಗುರಿಯನ್ನು ಹಿಡಿಯುತ್ತಿರಬಹುದೆಂದು ಊಹಿಸಬಹುದು. ಈ ಅರವತ್ತರಲ್ಲಿ ಸ್ತನ ಕ್ಯಾನ್ಸರಿನದ್ದೆಂದು ಇಟ್ಟುಕೊಂಡಿದ್ದ ಎಂಡಿಎ-ಎಂಬಿ-435 ನಿಜಕ್ಕೂ ಮೆಲನೋಮಾ ಎಂದು, ಅದೇ ಗುಂಪಿನ ಎಂ14 ಎಂಬ ಕೋಶದ ಇನ್ನೊಂದು ಪ್ರತಿ ಎಂದು ಆಮೇಲೆ ಖಚಿತವಾಯಿತು. ಅಷ್ಟರಲ್ಲಿ ಅದನ್ನು ಸ್ತನ ಕ್ಯಾನ್ಸರ್ ಎಂದೇ ನಂಬಿ ಬರೆದ ಪ್ರಬಂಧಗಳು ನೂರಾರು. ಈಗ ಕೋಶಗಳ ಡಿಎನ್‌ಎ ಗುರುತು ತಾಳೆ ನೋಡದೆ ಒಳ್ಳೆಯ ಪತ್ರಿಕೆಗಳು ಪ್ರಬಂಧ ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತವೆ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದ ಭಂಡಾರದಿಂದ ಸಂಶೋಧಕರು ಕೋಶಮಾಲೆಗಳನ್ನು ತರಿಸಿಕೊಳ್ಳುತ್ತಾರೆ.

ಅರವತ್ತರ ಕಾಲ ಈಗ ದಾಟಿದೆ. ಬಾಸ್ಟನ್ ಬಳಿಯ ಬ್ರಾಡ್ ಸಂಸ್ಥೆಯಲ್ಲಿ ಪ್ರತಿ ಕೋಶಮಾಲೆಗೂ ಒಂದೊಂದು ಡಿಎನ್‌ಎ ಬಾರ್‌ಕೋಡ್ ಅಂಟಿಸಿ, ಹಲವನ್ನು ಒಂದೇ ವೆಲ್ಲಿನಲ್ಲಿ ಬೆರೆಸಿ ಬೆಳೆಸುತ್ತಾರೆ. ಅಣು ಹಾಕಿ ಕೆಲವು ದಿನ ಬಿಟ್ಟು, ಯಾವ ಬಾರ್‌ಕೋಡ್ ಕಡಿಮೆಯಾಗಿದೆ ಎಂದು ಓದಿದರೆ ಸತ್ತವರ ಪಟ್ಟಿ ಕೈಗೆ ಬರುತ್ತದೆ. ಹೀಗೆ 4,518 ಔಷಧಗಳನ್ನು 578 ಕೋಶಮಾಲೆಗಳ ಮೇಲೆ ನೋಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಹಲವು ಔಷಧಗಳು ಕೆಲವೇ ಕೆಲವು ಕೋಶಗಳನ್ನು ಆರಿಸಿ ಕೊಂದಿದ್ದವು. ನಾಯಿಗಳ ಕೀಲುನೋವಿಗೆ ಕೊಡುತ್ತಿದ್ದ ಟೆಪಾಕ್ಸಲಿನ್ ಕೂಡ ಆ ಪಟ್ಟಿಯಲ್ಲಿತ್ತು. ಅದು ಕೊಂದದ್ದು ಎಂಡಿಆರ್1 ಎಂಬ ಪಂಪನ್ನು ಹೆಚ್ಚಾಗಿ ಇಟ್ಟುಕೊಂಡ ಕೋಶಗಳನ್ನು. ಕೀಮೋ ಔಷಧ ಒಳಗೆ ಬಂದ ಕೂಡಲೇ ಹೊರಗೆ ಎಸೆದು ಚಿಕಿತ್ಸೆಗೆ ಬಗ್ಗದೆ ನಿಲ್ಲುವ ಕ್ಯಾನ್ಸರ್ ಕೋಶಗಳು ನೆಚ್ಚಿಕೊಳ್ಳುವುದು ಇದೇ ಪಂಪನ್ನು. ಅಣು ಆ ಕೋಶಗಳನ್ನು ಹೇಗೆ ಕೊಲ್ಲುತ್ತದೆ, ರೋಗಿಯ ರಕ್ತದಲ್ಲಿ ಅಷ್ಟು ಮಟ್ಟ ತಲುಪಲು ಸಾಧ್ಯವೇ ಎಂಬುದು ಮುಂದಿನ ಜರಡಿಗಳ ಕೆಲಸ.